ಮೂರು ರಬ್ಬರ್ ಕಡಿಮೆ

ಸಾಂತಿಯಾಗೊದ ಲೊಸ್ ಓಯೊಸ್ ಕೇರಿಯಲ್ಲಿ ಒನೇಲಿಯಾ ಲೆಸ್ಕಾಯ್ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಮಾಯೆಸ್ತ್ರಾ ಮನೆ ಎಲ್ಲಿ ಎಂದರೆ ಮೂರು ವರ್ಷದ ಮಗುವೂ ಕೈ ತೋರಿಸುತ್ತದೆ. ಶಾಲೆಯಲ್ಲಿ ಪಾಠ ಹೇಳುವವಳೂ ಮಾಯೆಸ್ತ್ರಾ, ಕಸುಬಿನಲ್ಲಿ ಕೈ ಪಳಗಿದವಳೂ ಮಾಯೆಸ್ತ್ರಾ. ಒನೇಲಿಯಾ ಯಾರಿಗೂ ಪಾಠ ಹೇಳಿದವಳಲ್ಲ. ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತವಳು. ಮೊದಲ ಇಪ್ಪತ್ತನಾಲ್ಕು ವರ್ಷ ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ, ಆಮೇಲಿನ ಹದಿನಾಲ್ಕು ವರ್ಷ ತನ್ನ ಮನೆಯ ಹಿಂದಿನ ಚಪ್ಪರದಲ್ಲಿ.

ಕಾರ್ಖಾನೆ ಮುಚ್ಚಿದಾಗ ಅವಳಿಗೆ ನಲವತ್ತನಾಲ್ಕು. ಉಳಿದ ಹೆಂಗಸರು ಹೊಲಿಗೆ ಕಲಿಯಲು ಹೋದರು. ಒನೇಲಿಯಾ ಗುಜರಿಗೆ ಹೋಗಲಿದ್ದ ಒಂದು ಸಣ್ಣ ಲೇತನ್ನು ತೂಕದ ಲೆಕ್ಕದಲ್ಲಿ ಕೊಂಡು, ಬಿಚ್ಚಿ, ಎತ್ತಿನ ಗಾಡಿಯಲ್ಲಿ ನಾಲ್ಕು ಸಲ ಹೇರಿಸಿಕೊಂಡು ಬಂದಳು. ಆ ನಾಲ್ಕನೆಯ ಹೇರಿನ ಮೇಲೆ ಒಂದು ಕಪ್ಪು ರಬ್ಬರ್ ಹಾಳೆಯೂ ಬಂತು. ಬೆರಳು ದಪ್ಪ, ಬಾಗಿಲಷ್ಟು ಅಗಲ. ಕಾರ್ಖಾನೆಯ ಎಣ್ಣೆ ಪಂಪುಗಳ ಸೀಲು ಕತ್ತರಿಸಲು ತರಿಸಿದ್ದು. ಗಾಡಿಯವನು ಅದನ್ನು ಕೂರುವ ಹಾಸು ಎಂದುಕೊಂಡು ಅದರ ಮೇಲೆಯೇ ಕೂತು ಬಂದಿದ್ದ.

ಮದುವೆಯೂ ಒಂದು ಆಗಿತ್ತು. ಗಂಡ ಕಬ್ಬು ತೂಗುವವನು. ಆರು ವರ್ಷ ಇಬ್ಬರಲ್ಲಿ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಕೊನೆಗೆ ಅವನು ಕಮಾಗುವೇಗೆ ಬೇರೆ ಕೆಲಸಕ್ಕೆ ಹೋದ. ಕಾಗದ ಬರೆಯುತ್ತೇನೆಂದ, ಬರೆಯಲಿಲ್ಲ. ಒನೇಲಿಯಾ ಕಾಯಲಿಲ್ಲ.

ಲೇತ್ ಬಂದ ಮೇಲೆ ಊರಿನ ಹಳೇ ಕಾರುಗಳೆಲ್ಲ ಅವಳ ಬಾಗಿಲಿಗೆ ಬರತೊಡಗಿದವು. ಆ ಊರಿನಲ್ಲಿ ಅಜ್ಜ ಓಡಿಸಿದ ಕಾರನ್ನು ಮೊಮ್ಮಗ ಓಡಿಸುತ್ತಾನೆ. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಯಾರೋ ಕಡೆಯಬೇಕು. ಬುಷ್ಷು, ಪಿನ್ನು, ಚಕ್ರದ ಬೋಲ್ಟು, ಎಲ್ಲಕ್ಕಿಂತ ಹೆಚ್ಚಾಗಿ ಬ್ರೇಕ್ ರಬ್ಬರ್. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬಟ್ಟಲಿನ ಆಕಾರದ ತುಣುಕು ಅದು. ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳಿ ಕಾರನ್ನು ನಿಲ್ಲಿಸುವುದು ಅದೇ. ಚಕ್ರಗಳಿಗೆ ಎಂಟು, ಪೆಡಲಿನ ಹತ್ತಿರದ ಮುಖ್ಯ ಸಿಲಿಂಡರಿಗೆ ಎರಡು. ಒಟ್ಟು ಹತ್ತು.

ಇದರಲ್ಲಿ ಒನೇಲಿಯಾಗೆ ಒಂದು ಕಟ್ಟುನಿಟ್ಟು ಇತ್ತು. ಯಾವ ರಬ್ಬರೂ ಯಾವ ಎಣ್ಣೆಯಲ್ಲಿ ಬಾಳಬೇಕೋ ಆ ಎಣ್ಣೆಯಲ್ಲಿ ಮೂರು ದಿನ ಮುಳುಗಿರಬೇಕು. ಕಿಟಕಿಯ ಮೇಲೆ ಗಾಜಿನ ಸೀಸೆಗಳ ಸಾಲು. ನಾಲ್ಕನೆಯ ಬೆಳಿಗ್ಗೆ ತುಣುಕನ್ನು ಹೊರಗೆ ತೆಗೆದು ಅಳೆಯುವುದು. ಕೂದಲೆಳೆಯಷ್ಟು ಉಬ್ಬಿದ್ದರೂ ಕಸಕ್ಕೆ. ಒಬ್ಬರು ಹರಳೆಣ್ಣೆಗೆ ಸಾರಾಯಿ ಬೆರೆಸಿ ತರುತ್ತಿದ್ದರು, ಇನ್ನೊಬ್ಬರು ಶಾಂಪೂ ತರುತ್ತಿದ್ದರು, ಮತ್ತೊಬ್ಬರು ಬಂದರಿನ ಕ್ರೇನಿನ ಎಣ್ಣೆ ತರುತ್ತಿದ್ದರು. ಒಂದು ರಬ್ಬರಿಗೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. "ಅರ್ಜೆಂಟಿದೆ ಮಾಯೆಸ್ತ್ರಾ, ನಾಳೆ ಮದುವೆ ಬಾಡಿಗೆ ಇದೆ" ಎಂದು ಅಂಗಲಾಚಿದವರಿಗೆ ಅವಳ ಉತ್ತರ ಒಂದೇ: "ಮದುಮಗಳಿಗೆ ನಡ್ಕೊಂಡು ಹೋಗಕ್ಕೆ ಹೇಳಿ."

ಅವಳದೇ ಒಂದು ಕಾರಿತ್ತು. ಹೆಸರಿಗೆ ಕಾರು. ಅಪ್ಪ ಹಸಿಂತೊ ಮದುಮಕ್ಕಳನ್ನೂ ರೋಗಿಗಳನ್ನೂ ಹಂದಿಗಳನ್ನೂ ಒಂದೇ ಸೀಟಿನಲ್ಲಿ ಹೇರಿಕೊಂಡು ತಿರುಗುತ್ತಿದ್ದ ಐವತ್ತೊಂದನೆಯ ಇಸವಿಯ ಶೆವ್ರೊಲೆ. ಅವನು ಸತ್ತ ಮೇಲೆ ಹನ್ನೊಂದು ವರ್ಷ ಅಂಗಳದಲ್ಲಿ ನಾಲ್ಕು ಕಲ್ಲುಗಳ ಮೇಲೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅರ್ಧ ಒನೇಲಿಯಾಗೆ, ಅರ್ಧ ತಮ್ಮ ರೂಪೆರ್ತೊಗೆ ಸೇರಿದ್ದು. ಇಬ್ಬರೂ ಅದರ ಮಾತೆತ್ತಿರಲಿಲ್ಲ.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒನೇಲಿಯಾ ಒಂದು ದಿನ ಕೋಳಿಗಳನ್ನು ಓಡಿಸಿ ಬಾನೆಟ್ ಎತ್ತಿದಳು. ಊರವರ ಕಾರುಗಳಿಗೆಲ್ಲ ಕಾಲು ಕೊಟ್ಟು ತಾನು ಮಾತ್ರ ಟ್ರಕ್ಕಿನ ಹಿಂದೆ ನಿಂತು ಜೋತಾಡಿಕೊಂಡು ಓಡಾಡುವುದು ಸಾಕಾಗಿತ್ತು. ಕಾರನ್ನು ಬಾಡಿಗೆಗೆ ಓಡಿಸಬೇಕು, ತಾನೇ ಓಡಿಸಬೇಕು ಎಂದು ತೀರ್ಮಾನಿಸಿದಳು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಹಳೇ ಎಂಜಿನ್ ಸತ್ತೇಹೋಗಿತ್ತು, ಆ ಜಾಗಕ್ಕೆ ಒಂದು ಸಹಕಾರಿ ತೋಟದಲ್ಲಿ ನೀರೆತ್ತಿ ನಿವೃತ್ತಿಯಾಗಿದ್ದ ಡೀಸೆಲ್ ಎಂಜಿನ್ ಬಂತು. ಗೇರ್‌ಬಾಕ್ಸ್ ರಷ್ಯಾದ ಜೀಪಿನದು. ಇವೆರಡೂ ಒಂದರ ಮುಖ ಒಂದು ನೋಡಿದವಲ್ಲ, ಜೋಡಿಸುವ ತಟ್ಟೆಯನ್ನು ಅವಳು ಮೂರು ಸಲ ಕಡೆದಳು. ಎರಡು ಸಲ ತಪ್ಪಿತು. ಪಕ್ಕದ ಮನೆಯ ಟಿಂಕರ್ ಚೀಚೊ ಎಣ್ಣೆ ಪೀಪಾಯಿಗಳನ್ನು ಸೀಳಿ ಬಡಿದು ನೆಲದ ತಗಡು ಮಾಡಿದ. ಮುಂದಿನ ಬಂಪರ್ ಕಾರ್ಖಾನೆಯ ಬಾಯ್ಲರ್ ಕೊಳವೆಯದು. ಬಣ್ಣ ಮೀನುಗಾರರ ದೋಣಿಯ ನೀಲಿ, ರಷ್ಯಾದ ಹಳೇ ವ್ಯಾಕ್ಯೂಮ್ ಕ್ಲೀನರನ್ನು ತಿರುವುಮುರುವಾಗಿ ಓಡಿಸಿ ಎರಚಿದ್ದು. ಚೀಚೊ ಕೂಲಿಯ ಬದಲು ತನ್ನ ಲಾಡಾ ಕಾರಿನ ಕೆಲಸ ಮಾಡಿಸಿಕೊಂಡ.

ಬ್ರೇಕು ಮಾತ್ರ ಪೂರ್ತಿ ಅವಳ ಕೈಯದು. ಕಾರ್ಖಾನೆಯ ಕಪ್ಪು ರಬ್ಬರ್, ಕ್ರೇನಿನ ಎಣ್ಣೆ. ಈ ಜೋಡಿ ಸೀಸೆಯಲ್ಲಿ ಮೂರು ದಿನವಲ್ಲ, ಮೂರು ತಿಂಗಳು ಕೂತು ಒಂದು ಕೂದಲೂ ಉಬ್ಬಿರಲಿಲ್ಲ.

ಕಾರು ಎದ್ದು ನಿಂತ ಸುದ್ದಿ ಹಾವಾನದವರೆಗೂ ಹೋಯಿತು. ಅಲ್ಲಿಂದ ಒಬ್ಬ ಗಿರಾಕಿ ರೂಪೆರ್ತೊಗೆ ಫೋನ್ ಮಾಡಿದ. ರೂಪೆರ್ತೊ ಮೂವತ್ತು ವರ್ಷ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತಿದ್ದ. ಅವನೂ ಹೆಂಡತಿ ದೆಲ್ಫೀನಾಳೂ ಇದ್ದ ಮನೆಯ ಚಾವಣಿ ಚಂಡಮಾರುತಕ್ಕೆ ಹಾರಿಹೋಗಿ ನಾಲ್ಕು ವರ್ಷವಾಗಿತ್ತು. ಅವನು ಕೋಲೂರಿಕೊಂಡು ಅಕ್ಕನ ಚಪ್ಪರಕ್ಕೆ ಬಂದ.

"ಮಳೆ ಬಂದ್ರೆ ಮಂಚಾನ ಮನೆಯೆಲ್ಲಾ ಮೆರವಣಿಗೆ ಮಾಡಿಸ್ತೀವಿ ಅಕ್ಕಾ. ದೆಲ್ಫೀನಾಗೆ ಈಗ ನಿದ್ದೇಲೂ ಬಕೆಟ್ಟು ಎಲ್ಲಿಡಬೇಕು ಅಂತ ಗೊತ್ತು. ನಿಂಗೆ ಕಾರು ಬೇಕು. ನಂಗೆ ತಗಡು ಬೇಕು."

"ಕಾರು ಓಡಿದ್ರೆ ಬರೋದ್ರಲ್ಲಿ ಅರ್ಧ ನಿಂದು. ನಿನ್ನ ಚಾವಣಿ ಮುಗಿಯೋವರೆಗೂ. ಮೊದಲೇ ಹೇಳಿದೀನಿ."

"ಓಡಿದ್ರೆ! ನಿಂಗೆ ಲೈಸೆನ್ಸ್ ಬಂದು ಮೂರು ತಿಂಗಳು. ಆ ಹಾವಾನದವನು ಮುಂದಿನ ವಾರ ಭಾನುವಾರ ಲಾರಿ ತರ್ತಾನೆ, ಒಂದೇ ಸಲಕ್ಕೆ ಕೊಡ್ತಾನೆ."

"ಅವನು ಟಾಪ್ ಕುಯ್ದು ಹಾಕ್ತಾನಂತಲ್ಲೋ."

"ಹೂಂ, ಕುಯ್ತಾನೆ. ಗುಲಾಬಿ ಬಣ್ಣ ಬಳೀತಾನೆ, ಟೂರಿಸ್ಟುಗಳನ್ನ ಬಿಸಿಲಲ್ಲಿ ಸುಡ್ತಾನೆ. ಕಾರಿನ ಚಾವಣಿ ಹೋಗತ್ತೆ, ನನ್ನ ಚಾವಣಿ ಬರತ್ತೆ. ಸರಿಹೋಯ್ತಲ್ಲ?"

ಒನೇಲಿಯಾ ನಗಲಿಲ್ಲ. "ನಿನ್ನ ಅರ್ಧಾನ ನನ್ನ ಹೆಸರಿಗೆ ಬರೆದುಕೊಡೋಕೆ ಏನು ಮಾಡ್ಬೇಕು, ಅದನ್ನ ಹೇಳು."

ರೂಪೆರ್ತೊ ಕಾರಿನ ಸುತ್ತ ಒಂದು ಸುತ್ತು ಬಂದ. "ಓಡೋದು ಯಾವ ಕಾರು ಬೇಕಾದ್ರೂ ಓಡತ್ತೆ. ನಿಲ್ಲೋದನ್ನ ತೋರಿಸು. ಆ ಭಾನುವಾರದೊಳಗೆ ಬೋನಿಯಾತೊ ಘಾಟಿ ಹತ್ತಿ, ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೆಳಗಿಳಿ. ನನ್ನ ಪ್ಯಾಸೆಂಜರ್‌ಗಳನ್ನ ಇದ್ರಲ್ಲಿ ಕೂರಿಸ್ತೀನೋ ಇಲ್ವೋ ಅಂತ ಕೆಳಗೆ ಮುಟ್ಟಿದ ಮೇಲೆ ಹೇಳ್ತೀನಿ. ಕೂರಿಸ್ತೀನಿ ಅಂದ್ರೆ ಗಾಡಿ ನಿಂದು, ಚಾವಣಿಗೆ ಕಾಯ್ತೀನಿ. ಇಲ್ಲ ಅಂದ್ರೆ ಲಾರಿ."

ಬುಧವಾರ ಎಂದು ನಿಶ್ಚಯವಾಯಿತು.

ಅದರ ಹಿಂದಿನ ಶನಿವಾರ ಅಮೆರಿಕದ ಹಯಾಲಿಯಾದಿಂದ ಚಿಕ್ಕಪ್ಪನ ಮಗಳು ಮಿಗ್ದಾಲಿಯಾ ಬಂದಳು. ಎರಡು ವರ್ಷಕ್ಕೊಮ್ಮೆ ಬರುವವಳು. ಪ್ಲಾಸ್ಟಿಕ್ ಸುತ್ತಿದ ಸೂಟ್‌ಕೇಸಿನಿಂದ ಸಾಬೂನು, ಸೊಳ್ಳೆ ಔಷಧಿ, ದೆಲ್ಫೀನಾಗೆ ಚಪ್ಪಲಿ ಎಲ್ಲ ತೆಗೆದು ಕೊನೆಗೆ ನಾಲ್ಕು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಬ್ರೇಕ್ ಆಯಿಲ್. ಸೀಲು ಒಡೆದಿಲ್ಲ.

"ಅಸಲಿ ಕಣೇ ಒನೇ. ಇದರ ತೂಕಕ್ಕೆ ನನ್ನ ಎರಡು ಜೊತೆ ಶೂ ಬಿಟ್ಟು ಬಂದಿದೀನಿ. ಅಮೆರಿಕದ ಕಾರಿಗೆ ಅಮೆರಿಕದ ಎಣ್ಣೆ! ಇನ್ನು ಮೇಲೆ ಕ್ರೇನಿಗೆ ಹಾಕೋ ಕೊಳೆ ಯಾಕೆ ಹಾಕ್ತೀಯ?"

ಒನೇಲಿಯಾ ಒಂದು ಡಬ್ಬಿಯ ಮುಚ್ಚಳ ತಿರುಗಿಸಿ ಬೆಳಕಿಗೆ ಹಿಡಿದಳು. ತೆಳು ಜೇನಿನ ಬಣ್ಣ. ಇಪ್ಪತ್ತೈದು ವರ್ಷಗಳಿಂದ ಅವಳು ಅಂಥದನ್ನು ಕಂಡಿರಲಿಲ್ಲ. ಆ ಸಂಜೆಯೇ ಕ್ರೇನಿನ ಎಣ್ಣೆಯನ್ನೆಲ್ಲ ಇಳಿಸಿ, ಎರಡು ಡಬ್ಬಿ ಅಸಲಿ ಎಣ್ಣೆ ತುಂಬಿ, ಚೀಚೊನನ್ನು ಪೆಡಲ್ ಒತ್ತಲು ಕೂರಿಸಿ ನಾಲ್ಕೂ ಚಕ್ರಗಳ ಬ್ರೇಕ್ ಕೊಳವೆಗಳಲ್ಲಿ ಸಿಕ್ಕಿದ್ದ ಗಾಳಿ ತೆಗೆದಳು. ಸೀಸೆಯಲ್ಲಿ ಒಂದು ತುಣುಕು ಮುಳುಗಿಸಿ ನೋಡಬೇಕೆಂದು ಅವಳಿಗೆ ತೋಚಲೇ ಇಲ್ಲ. ಊರವರು ತಂದ ಒಂದೊಂದು ಬೆರಕೆಯನ್ನೂ ಕಳ್ಳನನ್ನು ನೋಡುವಂತೆ ನೋಡಿದವಳು ಅಸಲಿಯ ಮುಂದೆ ಬಾಗಿಲು ತೆರೆದಿಟ್ಟಳು. ನಕಲಿಯ ಜೊತೆ ಆಯುಷ್ಯ ಕಳೆದವರು ಮೋಸಹೋಗುವುದು ನಕಲಿಯಿಂದಲ್ಲ.

ಬುಧವಾರ ಬೆಳಿಗ್ಗೆ ಕಾಫಿ ಕುಡಿದು ಅಕ್ಕ ತಮ್ಮ ಇಬ್ಬರೂ ಹೊರಟರು. ಊರು ದಾಟುವವರೆಗೆ ಸರಿಯಿತ್ತು. ಘಾಟಿಯ ಮೊದಲ ತಿರುವುಗಳಲ್ಲಿ ಕಾರು ಭಾರವಾಗತೊಡಗಿತು. ಒನೇಲಿಯಾ ಗೇರ್ ಇಳಿಸಿದಳು. ಮತ್ತೆ ಇಳಿಸಿದಳು.

"ಯಾರ ಮನೇಲೋ ಹಂದಿ ಸುಡ್ತಿದಾರೆ" ಎಂದ ರೂಪೆರ್ತೊ, ಮೂಗು ಅರಳಿಸಿ.

"ಹಂದಿಯಲ್ಲ, ನಾವೇ."

ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಐದನೆಯ ತಿರುವಿನಲ್ಲಿ ಎಂಜಿನ್ ಉಸಿರು ಬಿಟ್ಟು ನಿಂತಿತು. ಅವಳು ಬ್ರೇಕ್ ಮುಟ್ಟಿರಲಿಲ್ಲ, ಆದರೆ ಪೆಡಲ್ ಕಲ್ಲಿನಂತೆ ಬಿಗಿದಿತ್ತು. ನಾಲ್ಕೂ ಚಕ್ರ ಕಚ್ಚಿಕೊಂಡಿದ್ದವು.

ರೂಪೆರ್ತೊ ಕಿಟಕಿಯಿಂದ ತಲೆ ಹೊರಹಾಕಿ ಪ್ರಪಾತ ನೋಡಿದ, ಮತ್ತೆ ಅಕ್ಕನ ಕಡೆ ತಿರುಗಿದ. "ನಿಲ್ಲೋದನ್ನ ತೋರಿಸು ಅಂದೆ. ಇಷ್ಟು ನಿಯತ್ತಾಗಿ ತೋರಿಸ್ತೀಯ ಅಂದ್ಕೊಂಡಿರಲಿಲ್ಲ."

ಅವಳು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಹೋಗಿ ಗಾಳಿ ತೆಗೆಯುವ ತಿರುಪು ಸಡಿಲಿಸಿದಳು. ಎಣ್ಣೆ ಚಿಮ್ಮಿ ಚಕ್ರಗಳು ಬಿಟ್ಟುಕೊಂಡವು. ಈಗ ಬ್ರೇಕೇ ಇಲ್ಲ. ಕಾರನ್ನು ಊರಿನ ಕಡೆ ತಿರುಗಿಸಿ, ಮೊದಲ ಗೇರಿನಲ್ಲಿ, ಕೈಬ್ರೇಕಿನ ಮೇಲೆ, ಇರುವೆಯ ವೇಗದಲ್ಲಿ ಅವಳು ಕೆಳಗಿಳಿಸಿದಳು. ರೂಪೆರ್ತೊ ಮರದ ಬೆಣೆಯೊಂದನ್ನು ಹಿಡಿದು ಚಕ್ರದ ಪಕ್ಕದಲ್ಲೇ ಕುಂಟುತ್ತ ನಡೆದು ಬಂದ. ಎದುರಿಗೆ ಬಂದ ಲಾರಿಯವನು "ಅಜ್ಜಾ, ನಾಯಿ ವಾಕಿಂಗ್ ಕರ್ಕೊಂಡು ಬಂದ್ಯಾ?" ಎಂದು ಕೂಗಿದ. ರೂಪೆರ್ತೊ ಆ ಲಾರಿಯವನ ತಾಯಿಯ ಬಗ್ಗೆ ಒಂದು ಮಾತು ಹೇಳಿದ.

ಚಪ್ಪರಕ್ಕೆ ಬಂದು ಮುಖ್ಯ ಸಿಲಿಂಡರ್ ಬಿಚ್ಚಿದ ಕೂಡಲೇ ಅವಳಿಗೆ ತಿಳಿಯಿತು. ಅವಳೇ ಕತ್ತರಿಸಿದ ಕಪ್ಪು ಬಟ್ಟಲು ಉಬ್ಬಿ, ಸೀಬೆಹಣ್ಣಿನ ಹಲ್ವದಂತೆ ಮೆತ್ತಗಾಗಿ, ಎಣ್ಣೆ ವಾಪಸು ಬರುವ ಕಂಡಿಯನ್ನು ಮುಚ್ಚಿಬಿಟ್ಟಿತ್ತು. ಹೋದ ಎಣ್ಣೆಗೆ ಮರಳುವ ದಾರಿಯಿಲ್ಲ, ಚಕ್ರಗಳಿಗೆ ಬಿಡುಗಡೆಯಿಲ್ಲ. ಎಣ್ಣೆಯಲ್ಲಿ ದೋಷವಿರಲಿಲ್ಲ, ರಬ್ಬರಿನಲ್ಲೂ ಇರಲಿಲ್ಲ. ಕಾರು ಹೆಸರಿಗೆ ಅಮೆರಿಕದ್ದು, ಅದರ ಹೊಟ್ಟೆಯಲ್ಲಿದ್ದದ್ದು ಸಕ್ಕರೆ ಕಾರ್ಖಾನೆ.

"ತಪ್ಪು ನಂದು. ಸೀಸೆಗೆ ಹಾಕಿ ನೋಡಲಿಲ್ಲ" ಎಂದಳು.

ರೂಪೆರ್ತೊ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದ. "ಊರಿಗೆಲ್ಲ ಮೂರು ದಿನ ಕಾಯಿಸ್ತೀಯ."

"ಗೊತ್ತು."

"ಮಿಗ್ದಾಲಿಯಾ ಮುಂದೆ ಇದನ್ನ ಹೇಳ್ಬೇಡ. ಅಳ್ತಾಳೆ, ಆಮೇಲೆ ಶೂ ಲೆಕ್ಕ ಹೇಳ್ತಾಳೆ." ಅವನು ಎದ್ದ. "ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಲಾರಿ ಹತ್ತಕ್ಕೆ. ಅಷ್ಟರಲ್ಲಿ ಆದ್ರೆ ಆಯ್ತು."

ಒನೇಲಿಯಾ ಸಿಲಿಂಡರುಗಳನ್ನೂ ಕೊಳವೆಗಳನ್ನೂ ಸಾರಾಯಿಯಲ್ಲಿ ತೊಳೆದು, ಮತ್ತೆ ಕ್ರೇನಿನ ಎಣ್ಣೆಗೇ ಮರಳುವುದೆಂದು ನಿಶ್ಚಯಿಸಿದಳು. ಆ ಜೋಡಿಗೆ ಪರೀಕ್ಷೆ ಬೇಕಿರಲಿಲ್ಲ. ಆದರೆ ಬಾಗಿಲಷ್ಟಿದ್ದ ರಬ್ಬರ್ ಹಾಳೆ ಹದಿನಾಲ್ಕು ವರ್ಷ ಊರವರ ಕಾರುಗಳಿಗೆ ಹೋಗಿ ಹೋಗಿ ಅಂಗೈಯಷ್ಟು ಉಳಿದಿತ್ತು. ಅವಳು ಅದರ ಮೇಲೆ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದಳು. ಒತ್ತೊತ್ತಾಗಿ ಬರೆದರೂ, ಓರೆಯಾಗಿ ಬರೆದರೂ ಏಳು. ಹತ್ತು ಬೇಕು.

ಗುರುವಾರ ಶುಕ್ರವಾರ ಊರೆಲ್ಲ ಹುಡುಕಿದಳು. ಟ್ರ್ಯಾಕ್ಟರ್ ಟ್ಯೂಬು ಸಿಕ್ಕಿತು, ಬೂಟಿನ ಅಟ್ಟೆ ಸಿಕ್ಕಿತು. ಎಣ್ಣೆ ತಡೆಯುವ ರಬ್ಬರ್ ಸಿಗಲಿಲ್ಲ. ಇದ್ದ ಏಳನ್ನಾದರೂ ಕಡೆಯೋಣವೆಂದರೆ, ಮೆತ್ತಗಿರುವ ರಬ್ಬರ್ ಲೇತಿನ ಬಾಯಿಗೆ ಸಿಕ್ಕುವುದಿಲ್ಲ, ತಣ್ಣಗಾಗಿ ಗಟ್ಟಿಯಾಗಬೇಕು. ಚೀಚೊನ ಹೆಂಡತಿ ಮನೆಯಲ್ಲಿ ಐಸ್‌ಕ್ಯಾಂಡಿ ಮಾಡಿ ಮಾರುತ್ತಿದ್ದಳು. ತುಣುಕುಗಳು ಅವಳ ಫ್ರೀಜರ್ ಸೇರಿದವು.

"ಮಾಯೆಸ್ತ್ರಾ, ನಿಮ್ಮ ರಬ್ಬರ್ ವಾಸನೆ ನನ್ನ ಐಸಿಗೆ ಹತ್ತಿದ್ರೆ ಜನ ನನ್ನ ಹಲ್ಲು ಮುರೀತಾರೆ."

"ಕಪ್ಪು ಬಣ್ಣದ್ದನ್ನ ಮಾತ್ರ ಮಾರ್ಬೇಡ, ಅಷ್ಟೇ."

ಶುಕ್ರವಾರ ಹಗಲೆಲ್ಲ ಕರೆಂಟು ಇರಲಿಲ್ಲ. ಫ್ರೀಜರ್ ಬೆವರಿತು, ಲೇತ್ ನಿಂತಿತು. ರಾತ್ರಿ ಕರೆಂಟು ಬಂದು ತುಣುಕುಗಳು ಮತ್ತೆ ಕಲ್ಲಾದವು. ಶನಿವಾರ ಬೆಳಿಗ್ಗೆ ಒಂದೊಂದನ್ನೇ ತಂದು, ಅದು ಬೆಚ್ಚಗಾಗುವ ಮೊದಲು ಸಾಬೂನು ನೀರು ಹನಿಸುತ್ತ ಕಡೆದಳು. ಮಧ್ಯಾಹ್ನಕ್ಕೆ ಏಳೂ ಮುಗಿದವು. ಮುಂದಿನ ಚಕ್ರಗಳಿಗೆ ನಾಲ್ಕು, ಮುಖ್ಯ ಸಿಲಿಂಡರಿಗೆ ಎರಡು. ಒಂದು ಉಳಿಯಿತು. ಹಿಂದಿನ ಚಕ್ರಗಳಿಗೆ ಮೂರು ಕಡಿಮೆ.

ಚೀಚೊ ಬೇರುಗಳಿಂದ ಮಾಡುವ ಪ್ರು ಪಾನಕದ ಬಾಟಲಿ ಹಿಡಿದು ಬಂದು ಎಲ್ಲವನ್ನೂ ನೋಡಿದ. ಜೇಬಿನಿಂದ ಒಂದು ಬೇರಿಂಗ್ ಗುಂಡು ತೆಗೆದು ಬೆಂಚಿನ ಮೇಲೆ ಉರುಳಿಸಿದ.

"ಹಿಂದಕ್ಕೆ ಹೋಗೋ ಕೊಳವೆ ಬಾಯಿಗೆ ಇದನ್ನ ಕೂರಿಸಿ ಬಿಗಿದ್ಬಿಡಿ. ಎಣ್ಣೆ ಮುಂದಕ್ಕೆ ಮಾತ್ರ ಹೋಗತ್ತೆ, ಪೆಡಲ್ ಗಟ್ಟಿ ಬರತ್ತೆ. ಅರ್ಧ ಊರು ಹೀಗೇ ಓಡ್ತಾ ಇದೆ ಮಾಯೆಸ್ತ್ರಾ. ಒಂದು ಸಲ ಇಳಿದು ತೋರಿಸಿ, ರೂಪೆರ್ತೊ ಸಹಿ ಹಾಕ್ಲಿ, ಆಮೇಲೆ ನಿಧಾನವಾಗಿ ರಬ್ಬರ್ ಹುಡುಕಿ."

"ರೂಪೆರ್ತೊ ಬಸ್ಸಿನ ವಿಷಯ ನಿಂಗೊತ್ತಿಲ್ವಾ?"

"ಗೊತ್ತು. ಅದು ಎಂಬತ್ತೊಂಬತ್ತನೇ ಇಸವೀದು."

ಆ ವರ್ಷ ಅದೇ ಘಾಟಿಯಲ್ಲಿ ಅವನ ಬಸ್ಸು ಅಡ್ಡತಿರುಗಿ ಬಂಡೆಗೆ ಒರಗಿ ನಿಂತಿತ್ತು. ಯಾರೂ ಸಾಯಲಿಲ್ಲ, ಒಬ್ಬಾಕೆಯ ಕೈ ಹೋಯಿತು. ಗ್ಯಾರೇಜಿನವರು ಒಂದು ಚಕ್ರದ ಬ್ರೇಕನ್ನು ಗುಂಡಿಟ್ಟು ಮುಚ್ಚಿ, "ರೆಡಿ ಇದೆ, ತಗೊಂಡು ಹೋಗು" ಎಂದು ಬೀಗದಕೈ ಕೊಟ್ಟಿದ್ದರು. ರೂಪೆರ್ತೊನ ಗದ್ದದ ಮೇಲಿನ ಗಾಯದ ಗುರುತು ಆ ದಿನದ್ದು.

ಚೀಚೊ ಹೋದ ಮೇಲೆ ಒನೇಲಿಯಾ ಗುಂಡನ್ನು ಕೈಗೆತ್ತಿಕೊಂಡಳು. ಅಳೆದು ನೋಡಿದಳು. ಕೊಳವೆಯ ಬಾಯಿಗೆ ಹೇಳಿ ಮಾಡಿಸಿದಂತಿತ್ತು. ಕೂರಿಸಿದಳು, ಬಿಗಿದಳು, ಎಣ್ಣೆ ತುಂಬಿದಳು, ಗಾಳಿ ತೆಗೆದಳು. ಪೆಡಲ್ ಒತ್ತಿದರೆ ಎತ್ತರದಲ್ಲೇ ಗಟ್ಟಿಯಾಗಿ ನಿಂತಿತು. ಹೊಸ ಕಾರಿನ ಪೆಡಲ್ ಹಾಗೆ. ಕೈ ತೊಳೆದು, ತಣ್ಣಗಾಗಿದ್ದ ಅನ್ನ ಬೀನ್ಸನ್ನು ನಿಂತೇ ತಿಂದಳು. ಗುಂಡು ಅಲ್ಲೇ ಇತ್ತು.

ಭಾನುವಾರ ಏಳಕ್ಕೆ ರೂಪೆರ್ತೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಪಕ್ಕದ ಸೀಟಿನಲ್ಲಿ ಕೂತು, ಕೋಲನ್ನು ಕಾಲಮಧ್ಯೆ ಇಟ್ಟುಕೊಂಡ. ಬಗ್ಗಿ ಎಡಗೈಯಿಂದ ಬ್ರೇಕ್ ಪೆಡಲ್ ಒತ್ತಿ ನೋಡಿದ.

"ಭೇಷ್. ಇದು ಪೆಡಲ್ ಅಂದ್ರೆ. ನಡಿ."

ಒನೇಲಿಯಾ ಬೀಗದಕೈ ತಿರುಗಿಸಿದಳು. ಡೀಸೆಲ್ ಎಂಜಿನ್ ಗುಡುಗಿ ಎದ್ದಿತು. ಗೇರಿನ ಮೇಲೆ ಕೈಯಿಟ್ಟವಳು ಗೇರ್ ಹಾಕಲಿಲ್ಲ. ಎಂಜಿನ್ ಆರಿಸಿದಳು.

"ಹಿಂದಿನ ಚಕ್ರಗಳಿಗೆ ಬ್ರೇಕ್ ಇಲ್ಲ. ಮೂರು ರಬ್ಬರ್ ಕಡಿಮೆ ಬಂತು. ಗುಂಡಿಟ್ಟು ಮುಚ್ಚಿದೀನಿ."

ರೂಪೆರ್ತೊನ ಕೈ ಗದ್ದಕ್ಕೆ ಹೋಯಿತು.

"ಯಾರ ಗುಂಡು?"

"ಚೀಚೊದು. ಇಟ್ಟಿದ್ದು ನಾನು."

"ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ ಅಂದ್ಕೊಂಡ್ಯಾ?"

"ಹೂಂ. ಅಂದ್ಕೊಂಡೆ."

"ಮೂರನೇ ತಿರುವಲ್ಲಿ ಗೊತ್ತಾಗ್ತಿತ್ತು. ಆದ್ರೆ ಅಲ್ಲಿ ಗೊತ್ತಾಗಿ ಏನು ಪ್ರಯೋಜನ?" ಅವನು ಬಾಗಿಲು ತೆಗೆದು ಇಳಿದ. ತುಂಬ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಅವಳು ಸ್ಟೀರಿಂಗ್ ಹಿಂದೆಯೇ ಕೂತಿದ್ದಳು.

ಲಾರಿ ಹತ್ತಕ್ಕಲ್ಲ, ಒಂಬತ್ತಕ್ಕೇ ಬಂತು. ಹಾವಾನದವನು ಬಿಳಿ ಪ್ಯಾಂಟು ಹಾಕಿದ್ದ. ಕಾರಿನ ಟಾಪನ್ನು ಎರಡು ಸಲ ಬೆರಳಿನಿಂದ ಬಡಿದು, ಎಲ್ಲಿ ಗರಗಸ ಹಾಕಬೇಕೆಂದು ಕಣ್ಣಲ್ಲೇ ಗೆರೆ ಎಳೆದ. ಒನೇಲಿಯಾ ಅವನಿಗೂ ಹೇಳಿದಳು, ಹಿಂದೆ ಬ್ರೇಕಿಲ್ಲ ಎಂದು.

ಅವನು ನಕ್ಕ. "ಲಾರಿ ಮೇಲೆ ಏರಿಸೋಕೆ ಬ್ರೇಕ್ ಯಾಕಮ್ಮಾ? ಹೋದ್ಮೇಲೆ ನಾನು ಎಲ್ಲಾ ಕಿತ್ತು ಬೇರೆ ಹಾಕಿಸ್ತೀನಿ. ಹೇಳಿದ ರೇಟಲ್ಲಿ ಒಂದು ಕಾಸೂ ಕಮ್ಮಿ ಮಾಡಲ್ಲ. ಅಣ್ಣಾ, ಕಾಗದ ತಂದಿದೀರ?"

ಕಾಗದ ರೂಪೆರ್ತೊನ ಜೇಬಿನಲ್ಲಿತ್ತು. ಅವನು ಅಕ್ಕನ ಕಡೆ ತಿರುಗಿದ.

"ಆ ಮೂರು ರಬ್ಬರಿಗೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ. ಊರಲ್ಲಿ ಎಲ್ಲೂ ಇಲ್ಲ."

"ಒಂದು ವಾರ ಅನ್ನಬಾರದಾ? ಸುಳ್ಳಾದ್ರೂ?"

"ವಾರ ಆದ್ಮೇಲೆ ಏನನ್ನಲಿ?"

ರೂಪೆರ್ತೊ ಹಾವಾನದವನ ಮುಂದೆ ಹೋಗಿ ನಿಂತ. "ಕ್ಷಮಿಸಿ. ಗಾಡಿ ಕೆಲಸ ಇನ್ನೂ ಮುಗಿದಿಲ್ಲ."

"ಮುಗೀದೇ ಇರೋದನ್ನೇ ತಗೋತೀನಿ ಅಂತಿದೀನಲ್ರೀ!"

"ಕೇಳಿಸ್ತು. ಮೂವತ್ತು ವರ್ಷ ನಂಗೆ ಎಲ್ಲಾ ಮೆಕ್ಯಾನಿಕ್ಕುಗಳೂ ರೆಡಿ ಇದೆ ಅಂತಾನೇ ಹೇಳಿದಾರೆ. ಇಲ್ಲ ಅಂತ ಹೇಳೋರು ಇವತ್ತು ಸಿಕ್ಕಿದಾರೆ. ಅದೂ ಎಂಜಿನ್ ಸ್ಟಾರ್ಟ್ ಮಾಡಿದ್ಮೇಲೆ. ಹೋಗಿ ಬನ್ನಿ."

ಹಾವಾನದವನು ಲಾರಿಯ ಬಾಡಿಗೆ, ದಾರಿಯ ದೂರ, ಪೂರ್ವ ಸೀಮೆಯ ಜನರ ಬುದ್ಧಿ ಮೂರನ್ನೂ ಬೈದು ಹೊರಟುಹೋದ. ಬಯಾಮೊದಲ್ಲಿ ಬೇರೆ ಯಾರದೋ ಕಾರು ಕೊಂಡನೆಂದು ಆಮೇಲೆ ಕೇಳಿಬಂತು.

"ನಂಗೇನೂ ಹೇಳ್ಬೇಡ" ಎಂದ ರೂಪೆರ್ತೊ, ಅವಳು ಬಾಯಿ ತೆರೆಯುವ ಮೊದಲೇ. "ಮನೆಗೆ ಹೋಗಿ ದೆಲ್ಫೀನಾಗೆ ಹೇಳು. ನಾನಂತೂ ಹೇಳಲ್ಲ."

ಒನೇಲಿಯಾ ಹೋಗಿ ಹೇಳಿದಳು. ದೆಲ್ಫೀನಾ ಪೂರ್ತಿ ಕೇಳಿಸಿಕೊಂಡು, ತಲೆಯೆತ್ತಿ ಆಕಾಶ ಕಾಣುತ್ತಿದ್ದ ಜಾಗವನ್ನು ಒಮ್ಮೆ ನೋಡಿದಳು. ಐದು ವಾರ ಅವಳು ಗಂಡನ ಜೊತೆಗಾಗಲಿ ಅತ್ತಿಗೆಯ ಜೊತೆಗಾಗಲಿ ಮಾತಾಡಲಿಲ್ಲ. ಆ ಐದು ವಾರಗಳಲ್ಲಿ ಎರಡು ಸಲ ಜೋರು ಮಳೆಯಾಯಿತು.

ರಬ್ಬರ್ ಹುಡುಕಿದ್ದು ರೂಪೆರ್ತೊನೇ. ಮಿಗ್ದಾಲಿಯಾ ತಂದ ಡಬ್ಬಿಗಳಲ್ಲಿ ಎರಡು ಒಡೆಯದೆ ಉಳಿದಿದ್ದವು. ಅವನ್ನು ಚೀಲದಲ್ಲಿಟ್ಟುಕೊಂಡು ತನ್ನ ಹಳೇ ಬಸ್ ಡಿಪೋಗೆ ಹೋದ. ಅಲ್ಲಿನ ಪರಿಚಯದವನೊಬ್ಬ ಡಬ್ಬಿಗಳನ್ನು ತನ್ನ ಕಾರಿಗೆ ತೆಗೆದುಕೊಂಡು, ಮುರಿದುಬಿದ್ದ ಯಂತ್ರದ ಎಣ್ಣೆ ಸೀಲಿನ ಚೂರು ಕೊಟ್ಟ. ಒನೇಲಿಯಾ ಅದನ್ನು ಕ್ರೇನಿನ ಎಣ್ಣೆಯ ಸೀಸೆಗೆ ಹಾಕಿದಳು. ನಾಲ್ಕನೆಯ ಬೆಳಿಗ್ಗೆ ಉಬ್ಬಿತ್ತು. ಕಸಕ್ಕೆ ಎಸೆದಳು. ರೂಪೆರ್ತೊ ತಲೆ ಚಚ್ಚಿಕೊಂಡು ಮತ್ತೆ ಹೋದ. ಎರಡನೆಯ ಚೂರು ಉಬ್ಬಲಿಲ್ಲ. ಆದರೂ ಇನ್ನೊಂದು ಮೂರು ದಿನ ಇಟ್ಟಳು. "ನೀನು ನನ್ನ ಸಾವಿಗೂ ಮೂರು ದಿನ ಕಾಯಿಸ್ತೀಯ" ಎಂದ ರೂಪೆರ್ತೊ.

ಗುಂಡು ಚೀಚೊನ ಜೇಬಿಗೆ ವಾಪಸು ಹೋಯಿತು. ಜೂನ್ ತಿಂಗಳ ಒಂದು ಸೋಮವಾರ ಅಕ್ಕ ತಮ್ಮ ಘಾಟಿ ಹತ್ತಿ, ಮೇಲಿನ ಬಯಲಿನಲ್ಲಿ ಕಾರನ್ನು ತಿರುಗಿಸಿದರು. ಕೆಳಗೆ ಊರು, ಕೊಲ್ಲಿ, ಹಡಗುಗಳು. ಇಬ್ಬರೂ ಅತ್ತ ನೋಡಲಿಲ್ಲ. ಅವಳು ಎರಡನೆಯ ಗೇರಿನಲ್ಲಿ ಇಳಿಸತೊಡಗಿದಳು. ಪ್ರತಿ ತಿರುವಿನ ಮೊದಲು ಒಂದೊಂದು ಸಲ ಪೆಡಲ್, ತಿರುವಿನೊಳಗೆ ಇಲ್ಲ. ಮೂರನೆಯ ತಿರುವಿನಲ್ಲಿ ರೂಪೆರ್ತೊ ಕೋಲನ್ನು ಬಿಗಿಯಾಗಿ ಹಿಡಿದ. ನಾಲ್ಕನೆಯದರಲ್ಲಿ ಸಡಿಲಿಸಿದ. ಆರನೆಯದರಲ್ಲಿ ಒಂದು ಆಡು ಅಡ್ಡ ಬಂತು. ಕಾರು ನೇರವಾಗಿ, ಅಲುಗದೆ ನಿಂತಿತು. ಆಡು ತನ್ನ ಪಾಡಿಗೆ ದಾಟಿತು.

ಬೋನಿಯಾತೊದ ಮೊದಲ ಮನೆಗಳ ಹತ್ತಿರ ಅವಳು ಕಾರು ನಿಲ್ಲಿಸಿದಳು. ರೂಪೆರ್ತೊ ಇಳಿದು, ಒಂದೊಂದು ಚಕ್ರಕ್ಕೂ ಬಗ್ಗಿ ಅಂಗೈಯಿಟ್ಟು ನೋಡುತ್ತ ಸುತ್ತು ಬಂದ.

"ಹಿಂದಿನ ಎಡಗಡೇದು ಬಿಸಿ."

"ಎಷ್ಟು?"

"ಕೈ ಇಡಬಹುದು. ಜಾಸ್ತಿ ಹೊತ್ತು ಇಡಕ್ಕಾಗಲ್ಲ."

ಅವಳು ಕೆಳಗೆ ಮಲಗಿ ಅದರ ಹೊಂದಿಕೆಯ ತಿರುಪನ್ನು ಕಾಲು ಸುತ್ತು ಬಿಟ್ಟಳು. ಎದ್ದು ಬರುವಷ್ಟರಲ್ಲಿ ರಸ್ತೆಯ ಬದಿಯಲ್ಲಿ ಎರಡು ಬುಟ್ಟಿ ಮಾವಿನಹಣ್ಣು ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸೊಬ್ಬಳು ಕಾರಿನ ಹತ್ತಿರ ಬಂದಿದ್ದಳು.

"ಸಾಂತಿಯಾಗೊಗೆ ಹೋಗತ್ತಾ ಇದು?"

ಒನೇಲಿಯಾ ತಮ್ಮನ ಮುಖ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು, ಒಂದು ಬುಟ್ಟಿಯನ್ನು ತಾನೇ ಎತ್ತಿ ಒಳಗಿಟ್ಟ.

"ಹತ್ತಿ ತಾಯಿ. ನಾಳೆ ಬರೆದುಕೊಟ್ಟ ಮೇಲೆ ಗಾಡಿ ಇವಳದು. ಇವತ್ತು ಅರ್ಧ ನಂದು, ಚೌಕಾಸಿ ಏನಿದ್ರೂ ನನ್ನ ಹತ್ರ."

ಹೆಂಗಸು ಹತ್ತಿ ಕೂತು, ಬಾಗಿಲನ್ನು ಧಡಾರನೆ ಎಳೆದುಕೊಂಡಳು.

"ಮೆಲ್ಲಗೆ!" ಎಂದು ಒನೇಲಿಯಾ ಗದರಿದಳು. "ಅದೇನು ನಿಮ್ಮನೆ ಫ್ರಿಜ್ ಬಾಗಿಲಾ?"